ಬೆಳೆಸಿದ ಮದ್ದಿನ ಇತಿಹಾಸ

ರಾಯಚೂರು ಸೀಮೆಯ ಗುಂಜಹಳ್ಳಿಯಂತಹ ಊರಿಗೆ ಈ ದಿನ ಮಂಜುಗಡ್ಡೆಯ ಡಬ್ಬಿಯಲ್ಲಿ ಬಂದು ಸೇರುವ ಮದ್ದುಗಳ ಹುಟ್ಟನ್ನು ಸ್ವಲ್ಪ ವಿಚಾರಿಸಿ ನೋಡಿದರೆ, ಅದು ನಾವು ಸಾಮಾನ್ಯವಾಗಿ ಊಹಿಸಿಕೊಳ್ಳುವ ರೀತಿಯದಲ್ಲವೆಂಬುದು ತಿಳಿದುಬರುತ್ತದೆ. ಹಸುಗೂಸಿನ ತೊಡೆಗೆ ಚುಚ್ಚುವ ಹೆಪಟೈಟಿಸ್ ಬಿ ಲಸಿಕೆಯು ಯೀಸ್ಟ್ ಎಂಬ ಏಕಕೋಶಜೀವಿಯ ಒಡಲಿನಲ್ಲಿ ಬೆಳೆದುದು. ಎತ್ತು ಎಮ್ಮೆಗಳಿಗೆ ಕಾಲುಬಾಯಿ ಬೇನೆ ಬಾರದಿರಲೆಂದು ಹಾಕುವ ಲಸಿಕೆಯು, ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಮೂತ್ರಪಿಂಡದಿಂದ 1960ರ ದಶಕದ ಆದಿಯಲ್ಲಿ ತೆಗೆದು ಇಂದಿನವರೆಗೂ ಬದುಕಿಸಿಕೊಂಡು ಬಂದಿರುವ ಜೀವಕೋಶಗಳಲ್ಲಿ ಬೆಳೆದುದು. ಸಕ್ಕರೆ ಕಾಯಿಲೆಯ ಹಿರಿಯರು ಊಟಕ್ಕೆ ಮುನ್ನ ಚುಚ್ಚಿಕೊಳ್ಳುವ ಇನ್ಸುಲಿನ್ ಕೂಡ ಯಾವುದೋ ಸೂಕ್ಷ್ಮಜೀವಿ ತನ್ನ ಬಾಳಿನ ವ್ಯಾಪಾರದಲ್ಲಿ ಸ್ರವಿಸಿದುದು. ಕಲ್ವದಲ್ಲಿ ಅರೆದು, ಒಲೆಯ ಮೇಲೆ ಕುದಿಸಿ, ತಕ್ಕಡಿಯಲ್ಲಿ ತೂಗಿ ಕೂಡಿಸುವ ಮದ್ದುಗಳ ವರ್ಗಕ್ಕೆ ಇವು ಸೇರತಕ್ಕವಲ್ಲ. ಇವನ್ನು ಮಾಡಲು ಬಾರದು, ಬೆಳೆಸಬೇಕು. ಮುಂದಿನ ಹಿಂಗಾರಿಗೆಂದು ಬೀಜದ ಜೋಳವನ್ನು ಬೂದಿ ಬೆರೆಸಿ ಗಡಿಗೆಯಲ್ಲಿ ಕಟ್ಟಿಡುವ ನಮ್ಮ ಸೀಮೆಯ ಒಕ್ಕಲಿಗನ ವಿದ್ಯೆಗೂ ಇವನ್ನು ತಯಾರಿಸುವವರ ವಿದ್ಯೆಗೂ ಮೂಲದಲ್ಲಿ ಭೇದವಿಲ್ಲ. ಬೀಜ ತಪ್ಪಿದರೆ ಬೆಳೆ ತಪ್ಪಿತು. ಈ ವಿದ್ಯೆಯು ಕನ್ನಡ ನಾಡಿಗೆ ಹೊಸದೂ ಅಲ್ಲ. ಇಲ್ಲಿ ಅದಕ್ಕೆ ಇನ್ನೂರು ವರ್ಷಗಳಿಗೆ ಮೀರಿದ ಚರಿತ್ರೆಯುಂಟು.

ಇಂಗ್ಲೆಂಡಿನ ಗ್ರಾಮವೈದ್ಯನಾಗಿದ್ದ ಎಡ್ವರ್ಡ್ ಜೆನ್ನರನು, ಹಾಲು ಕರೆಯುವ ಹೆಣ್ಣುಮಗಳೊಬ್ಬಳ ಕೈಗೆ ಹಸುವಿನಿಂದ ಅಂಟಿ ಎದ್ದಿದ್ದ ಬೊಕ್ಕೆಯ ರಸವನ್ನು ತೆಗೆದು 1796ರ ಮೇ 14ರಂದು ಎಂಟು ವರ್ಷದ ಬಾಲಕನ ತೋಳಿನಲ್ಲಿ ಗೀರಿ ಸೇರಿಸಿದ ವೃತ್ತಾಂತವೂ, ಆ ಬಾಲಕನಿಗೆ ಮುಂದೆ ಸಿಡುಬು ತಗುಲದೆ ಹೋದ ಸಂಗತಿಯೂ ಶಾಲೆಯ ಮಕ್ಕಳಿಗೂ ತಿಳಿದಿರುವ ವಿಷಯ. ಅಷ್ಟಾಗಿ ತಿಳಿಯದಿರುವುದು ಆ ರಸವು ಸಮುದ್ರಗಳನ್ನೂ ಮರುಭೂಮಿಗಳನ್ನೂ ದಾಟಿ ನಮ್ಮವರೆಗೆ ಬಂದ ಬಗೆ. ದಾರದಲ್ಲಿ ನೆನೆಸಿ ಒಣಗಿಸಿ, ಗಾಜಿನ ಎರಡು ತುಣುಕುಗಳ ನಡುವೆ ಮುಚ್ಚಿ, ಹಡಗಿನಲ್ಲಿಟ್ಟು ಕಳುಹಿಸಿದ ರಸವು ಹೆಚ್ಚಾಗಿ ಉಷ್ಣವಲಯದ ಸೆಕೆಯಲ್ಲಿ ಸತ್ತುಹೋಗುತ್ತಿತ್ತು. ಅದು ಖಚಿತವಾಗಿ ಜೀವಂತ ಉಳಿಯುವ ಪಾತ್ರೆಯೆಂದರೆ ಮನುಷ್ಯನ ಚರ್ಮ. ಒಂದು ಮಗುವಿನ ತೋಳಿನಲ್ಲಿ ಹಾಕಿ, ಎಂಟು ದಿನಗಳ ಹೊತ್ತಿಗೆ ಬೊಕ್ಕೆ ಮಾಗಿದಾಗ ಅದರ ರಸವನ್ನು ಎರಡನೆಯ ಮಗುವಿಗೆ, ಅದರಿಂದ ಮೂರನೆಯದಕ್ಕೆ, ಹೀಗೆ ಬಹುಮಟ್ಟಿಗೆ ತೋಳಿನಿಂದ ತೋಳಿಗೆ ದಾಟಿಸುತ್ತ ವಿಯೆನ್ನಾದಿಂದ ಕಾನ್‌ಸ್ಟಾಂಟಿನೋಪಲಿಗೂ, ಅಲ್ಲಿಂದ ಬಾಗ್ದಾದಿಗೂ ಬಸ್ರಾಕ್ಕೂ, ಬಸ್ರಾದಿಂದ ಮುಂಬಯಿಗೂ ಅದನ್ನು ತಂದರು. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿನ ತೋಳಿನಲ್ಲಿ ಅದು ಫಲಿಸಿತು. ಹಿಂದೂಸ್ಥಾನದಲ್ಲಿ ಆ ಬಳಿಕ ಹಾಕಿದ ಲಸಿಕೆಯೆಲ್ಲ ಮೊದಮೊದಲು ಈ ಮಗುವಿನ ತೋಳಿನಿಂದಲೇ ಕವಲೊಡೆದು ಹೊರಟದ್ದು. ಪುಣೆ, ಸೂರತ್, ಹೈದರಾಬಾದು, ಮದರಾಸುಗಳಿಗೆ ಅದು ಹೀಗೆಯೇ ಮಕ್ಕಳ ಮೈಯ ಮೇಲೆ ಪಯಣಿಸಿತು. ಒಂದು ಕಡೆ ಎಂಟು ದಿನ ತಡವಾಗಿ ಮುಂದಿನ ಮಗು ದೊರೆಯದಿದ್ದರೆ ಪರಂಪರೆ ಅಲ್ಲಿಗೇ ಕಡಿದಂತೆ. ಆಮೇಲೆ ಎಷ್ಟು ಗ್ರಂಥಗಳಿದ್ದರೂ ಎಷ್ಟು ಪಂಡಿತರಿದ್ದರೂ ಅದನ್ನು ಮರಳಿ ಹುಟ್ಟಿಸುವುದು ಸಾಧ್ಯವಿರಲಿಲ್ಲ.

ಮೈಸೂರಿನ ಅರಮನೆಗೂ ಅದು ಬೇಗನೆ ಬಂದಿತು. ಮುಮ್ಮಡಿ ಕೃಷ್ಣರಾಜ ಒಡೆಯರು ಬಾಲಕರಾಗಿದ್ದು ದಿವಾನ್ ಪೂರ್ಣಯ್ಯನವರು ರಾಜ್ಯಭಾರವನ್ನು ನಡೆಸುತ್ತಿದ್ದ ಆ ದಿನಗಳಲ್ಲಿ, 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರನು ಮೂವರು ರಾಜಸ್ತ್ರೀಯರ ಪಟವೊಂದನ್ನು ಬರೆದನು. ಬಲಗಡೆಯ ಕಿರಿಯ ರಾಣಿ ತನ್ನ ಸೀರೆಯ ಸೆರಗನ್ನು ತುಸು ಸರಿಸಿ ತೋಳನ್ನು ಬೆರಳಿನಿಂದ ತೋರುತ್ತಿರುವ ಭಂಗಿಯನ್ನು ಕಂಡು, ಇದು ಲಸಿಕೆಯನ್ನು ಪ್ರಜೆಗಳಿಗೆ ಒಪ್ಪಿಸುವ ಸಲುವಾಗಿಯೇ ಬರೆಸಿದ ಪಟವೆಂದೂ, ನಡುವೆ ನಿಂತವರು ಮಹಾಮಾತೃಶ್ರೀ ಲಕ್ಷ್ಮಮ್ಮಣ್ಣಿಯವರೆಂದೂ ನೈಜೆಲ್ ಚಾನ್ಸಲರ್ ಎಂಬ ಇತಿಹಾಸಜ್ಞರು ವಾದಿಸಿದ್ದಾರೆ. ಇದು ಸರ್ವರೂ ಒಪ್ಪಿದ ನಿರ್ಣಯವಲ್ಲ. ಆದರೆ ಅಂತಃಪುರದ ಹೆಂಗಸರು ಪರಪುರುಷನೊಬ್ಬನ ಎದುರಿಗೆ ನಿಂತು ಹೀಗೆ ಪಟ ಬರೆಸಿಕೊಳ್ಳಲು ಸಾಧಾರಣವಾದ ಕಾರಣ ಸಾಲದು ಎಂಬ ಅವರ ಮಾತು ನನಗೆ ಯುಕ್ತವಾಗಿಯೇ ತೋರುತ್ತದೆ. ರಾಣಿಯರ ಪಟ ಉಳಿಯಿತು. ತೋಳಿನಿಂದ ತೋಳಿಗೆ ರಸವನ್ನು ಹೊತ್ತು ತಂದ ಬಡಮಕ್ಕಳಲ್ಲಿ ಹೆಸರು ಉಳಿದವರು ಬೆರಳೆಣಿಕೆಯಷ್ಟು ಮಂದಿ. ಈ ಚರಿತ್ರೆಯಲ್ಲಿ ಮೊದಲ ಪೂಜೆ ಸಲ್ಲಬೇಕಾದುದು ಅವರಿಗೆ ಎಂದು ನಾನು ನಿಶ್ಚಯವಾಗಿ ನಂಬುತ್ತೇನೆ.

ಕೃಷ್ಣೆ ತುಂಗಭದ್ರೆಗಳ ನಡುವಣ ನಮ್ಮ ಎಡೆದೊರೆ ನಾಡು ಆಗ ನಿಜಾಮರ ಆಳಿಕೆಯಲ್ಲಿತ್ತು. 1853ರಿಂದ 1860ರ ವರೆಗೆ ಮಾತ್ರ ರಾಯಚೂರು ದೋಆಬು ಕಂಪನಿಯ, ಆಮೇಲೆ ಬ್ರಿಟಿಷ್ ಸರಕಾರದ ವಶಕ್ಕೆ ಹೋಗಿ, ಮರಳಿ ಹೈದರಾಬಾದಿಗೆ ಸೇರಿತು. ದೇವದುರ್ಗ, ಮಾನ್ವಿಗಳ ಕಡೆಯ ಹಳ್ಳಿಗಳಲ್ಲಿ ಸಿಡುಬು ಎಂದರೆ ರೋಗವೆಂಬುದಕ್ಕಿಂತ ದೇವಿಯ ಆಗಮನವೆಂಬ ಭಾವನೆಯೇ ಬಲವಾಗಿದ್ದಿತು. ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆಯನ್ನು ನಿಲ್ಲಿಸಿ, ಮಾರೆಮ್ಮನಿಗೋ ದುರ್ಗಮ್ಮನಿಗೋ ಮೊಸರನ್ನದ ಎಡೆ ಹಿಡಿದು, ತಾಯಿ ತಂಪಾಗಿ ಹೋಗಲೆಂದು ಹರಸಿಕೊಳ್ಳುತ್ತಿದ್ದ ಜನಕ್ಕೆ, ಇನ್ನೊಬ್ಬರ ಮಗುವಿನ ಹುಣ್ಣಿನ ಕೀವನ್ನು ತಮ್ಮ ಮಗುವಿನ ರಕ್ತಕ್ಕೆ ಸೇರಿಸುವ ಕ್ರಮವು ಹೇಸಿಗೆಯಾಗಿ ಕಂಡಿತೆಂದರೆ ಅದನ್ನು ಮೌಢ್ಯವೆಂದು ಹೀಗಳೆಯಲು ನನಗೆ ಮನಸ್ಸು ಬಾರದು. ಜಾತಿಯ ಅಂಜಿಕೆ ಅದರಲ್ಲಿ ಇದ್ದಿತು, ನಿಜ. ಆದರೆ ತಾಯಂದಿರ ಭಯಕ್ಕೆ ಬೇರೆ ಆಧಾರವೂ ಇದ್ದಿತು. ಮಾಗಿದ ಬೊಕ್ಕೆಯನ್ನು ಅದರ ಒಡೆಯನಾದ ಮಗುವಿನ ತೋಳಿನಿಂದ ಹಿಂಡಿ ತೆಗೆಯುವುದು ನೋವಿನ ಕೆಲಸ. ಅಲ್ಲದೆ ಹಾಗೆ ತೆಗೆದ ರಸದ ಜೊತೆಗೆ ಉಪದಂಶವೇ ಮೊದಲಾದ ಬೇರೆ ರೋಗಗಳೂ ದಾಟಿದ ಪ್ರಸಂಗಗಳು ಯೂರೋಪಿನಲ್ಲಿಯೇ ನಡೆದಿದ್ದವು.

ಆದುದರಿಂದ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಬೇಸಾಯವು ಮಗುವಿನ ತೋಳನ್ನು ಬಿಟ್ಟು ಕರುವಿನ ಹೊಟ್ಟೆಗೆ ವರ್ಗವಾಯಿತು. ಇಟಲಿಯ ನೇಪಲ್ಸಿನಲ್ಲಿ ಮೊದಲಾಗಿ, ಫ್ರಾನ್ಸಿನ ಮೂಲಕ ಜಗತ್ತಿಗೆ ಹರಡಿದ ಈ ಪದ್ಧತಿಯ ಕ್ರಮವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಆವಶ್ಯಕ. ಏಕೆಂದರೆ ಮುಂದೆ ಬಂದ ಕಾರ್ಖಾನೆಗಳ ಹೆಜ್ಜೆಗಳೆಲ್ಲ ಇದರಲ್ಲಿಯೇ ಅಡಗಿವೆ. ಆರೋಗ್ಯವಾದ ಕರುವನ್ನು ಆರಿಸಿ ಕೆಲವು ದಿನ ಪ್ರತ್ಯೇಕವಾಗಿ ಕಟ್ಟಿ ನೋಡುವರು. ಅದರ ಹೊಟ್ಟೆಯ ಭಾಗದ ಕೂದಲನ್ನು ಬೋಳಿಸಿ, ತೊಳೆದು, ಚರ್ಮದ ಮೇಲೆ ಸಾಲುಸಾಲಾಗಿ ಗೀರುಗಳನ್ನೆಳೆದು, ಆ ಗೀರುಗಳಲ್ಲಿ ಲಸಿಕೆಯ ಬೀಜವನ್ನು ಸವರುವರು. ನಾಲ್ಕೈದು ದಿನಗಳಲ್ಲಿ ಗೀರುಗಳುದ್ದಕ್ಕೂ ಬೊಕ್ಕೆಗಳೆದ್ದು ತುಂಬಿದಾಗ ಅವನ್ನು ಚಮಚದಂತಹ ಸಲಕರಣೆಯಿಂದ ಕೆರೆದು ತೆಗೆದು, ನುಣ್ಣಗೆ ಅರೆದು, ಗ್ಲಿಸರಿನ್ ಬೆರೆಸಿಡುವರು. ಗ್ಲಿಸರಿನ್ನಿನಲ್ಲಿ ಇಟ್ಟರೆ ಇತರ ಸೂಕ್ಷ್ಮಾಣುಗಳು ಕ್ರಮೇಣ ಸತ್ತು ಲಸಿಕೆಯ ಬೀಜ ಮಾತ್ರ ಉಳಿಯುವುದೆಂಬುದನ್ನು ಇಂಗ್ಲೆಂಡಿನ ಮಾಂಕ್ಟನ್ ಕೋಪ್‌ಮನ್ ಎಂಬ ವೈದ್ಯನು 1891ರಲ್ಲಿ ತೋರಿಸಿಕೊಟ್ಟನು. ನಮ್ಮ ದೇಶದಲ್ಲಿ ಎಮ್ಮೆಯ ಕರುಗಳನ್ನೂ ಈ ಕಾರ್ಯಕ್ಕೆ ಬಳಸಿದರು.

ಬೆಂಗಳೂರಿನಲ್ಲಿ ಈ ಕೆಲಸ ನಡೆಸಿದವರಲ್ಲಿ ಡಾಕ್ಟರ್ ಪಲ್ಪು ಅವರ ಹೆಸರನ್ನು ಗೌರವದಿಂದ ಸ್ಮರಿಸಬೇಕು. ಮದರಾಸಿನಲ್ಲಿ ವೈದ್ಯವಿದ್ಯೆಯನ್ನು ಮುಗಿಸಿದ ಅವರಿಗೆ, ಈಳವ ಜಾತಿಯಲ್ಲಿ ಹುಟ್ಟಿದರೆಂಬ ಒಂದೇ ಕಾರಣಕ್ಕೆ ಅವರ ಹುಟ್ಟುನಾಡಾದ ತಿರುವಾಂಕೂರು ಸಂಸ್ಥಾನವು ಉದ್ಯೋಗ ಕೊಡಲಿಲ್ಲ. ಮೈಸೂರು ಸಂಸ್ಥಾನವು ಕೊಟ್ಟಿತು. ಬೆಂಗಳೂರಿನ ಲಸಿಕಾ ಸಂಸ್ಥೆಯ ಆಡಳಿತ ಅವರ ಕೈಯಲ್ಲಿದ್ದಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಜನ ಊರು ಬಿಟ್ಟು ಓಡುತ್ತಿದ್ದಾಗ ರೋಗಿಗಳ ಶಿಬಿರದಲ್ಲಿ ನಿಂತು ಸೇವೆ ಮಾಡಿದವರೂ ಅವರೇ. ತನ್ನ ನಾಡು ಮುಟ್ಟಲೊಲ್ಲದೆ ದೂಡಿದ ಒಬ್ಬ ವೈದ್ಯನು, ಇನ್ನೊಂದು ನಾಡಿನ ಸಕಲ ಜಾತಿಯ ಮಕ್ಕಳ ತೋಳುಗಳಿಗೂ ಮುಟ್ಟುವ ಮದ್ದನ್ನು ಬೆಳೆಸಿಕೊಟ್ಟನೆಂಬುದು ಕನ್ನಡಿಗರು ಮರೆಯಬಾರದ ಸಂಗತಿ.

ರಾಯಚೂರಿನ ಪಶ್ಚಿಮಕ್ಕೆ ಬೆಳಗಾವಿಯೂ ಈಶಾನ್ಯಕ್ಕೆ ಹೈದರಾಬಾದೂ ಇವೆ. ಈ ಎರಡೂ ನಗರಗಳಲ್ಲಿ ಲಸಿಕೆಯನ್ನು ಬೆಳೆಸುವ ಸರಕಾರಿ ಸಂಸ್ಥೆಗಳಿದ್ದವು. ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಎಂಬ ಹೆಸರಿನ ವಿಶಾಲವಾದ ಬಯಲು ಈಗಲೂ ಇದೆ. ಸಭೆ ಉತ್ಸವಗಳಿಗೆಂದು ಅಲ್ಲಿ ಕೂಡುವ ಜನರಲ್ಲಿ ಆ ಹೆಸರಿನ ಹಿಂದಿರುವ ಕರುಗಳ ಕೊಟ್ಟಿಗೆಯನ್ನು ಬಲ್ಲವರು ವಿರಳ. ಗ್ಲಿಸರಿನ್ನಿನ ಲಸಿಕೆಗೆ ಒಂದು ದೊಡ್ಡ ಕುಂದು ಇದ್ದಿತು. ಬೇಸಗೆಯಲ್ಲಿ 40 ಡಿಗ್ರಿಗೂ ಮೀರುವ ನಮ್ಮ ಸೀಮೆಯ ಬಿಸಿಲಿಗೆ ಅದು ಕೆಲವೇ ದಿನಗಳಲ್ಲಿ ನಿರ್ವೀರ್ಯವಾಗುತ್ತಿತ್ತು. ರೈಲು ಇಳಿದು ಎತ್ತಿನ ಗಾಡಿಯಲ್ಲಿ ಲಿಂಗಸುಗೂರಿನ ಕಡೆಗೋ ದೇವದುರ್ಗದ ಕಡೆಗೋ ಹೋಗಿ ಸೇರುವಷ್ಟರಲ್ಲಿ ಸತ್ತ ಮದ್ದನ್ನು ದೇವಿ ಹಾಕುವವರು ಶ್ರದ್ಧೆಯಿಂದಲೇ ಹಾಕಿ, ಅದು ಫಲಿಸದೆ, ಆಮೇಲೆ ಸಿಡುಬು ಬಂದಾಗ ಜನರ ನಂಬಿಕೆಯೂ ಸಾಯುತ್ತಿತ್ತು. 1950ರ ದಶಕದಲ್ಲಿ ಲಂಡನಿನ ಲಿಸ್ಟರ್ ಸಂಸ್ಥೆಯ ಲೆಸ್ಲಿ ಕಾಲಿಯರ್ ಎಂಬ ವಿಜ್ಞಾನಿ, ಲಸಿಕೆಯನ್ನು ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಅದರ ನೀರನ್ನು ಹೀರಿ ಪುಡಿಮಾಡುವ ವಿಧಾನವನ್ನು ವ್ಯವಸ್ಥೆಗೊಳಿಸಿದ ಮೇಲೆ ಈ ಕಷ್ಟ ನೀಗಿತು. ಆ ಪುಡಿಯು ಬಿಸಿಲನ್ನು ತಿಂಗಳುಗಟ್ಟಲೆ ತಾಳಿಕೊಂಡಿತು. ಭಾರತದಲ್ಲಿ ಅದನ್ನು ತಯಾರಿಸಿದ ಸಂಸ್ಥೆಗಳು ನಾಲ್ಕೇ: ಕುಮಾವೂ ಬೆಟ್ಟಗಳ ಪಟವಾಡಾಂಗರ್, ಮದರಾಸಿನ ಗಿಂಡಿ, ಹೈದರಾಬಾದು, ಬೆಳಗಾವಿ. 1962ರಲ್ಲಿ ಆರಂಭವಾದ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ಕೆ ಸೋವಿಯತ್ ದೇಶವು ಕೊಟ್ಟ ಉದಾರವಾದ ದಾನದ ಜೊತೆಗೆ ಈ ನಾಲ್ಕು ಮನೆಗಳ ಬೆಳೆಯೂ ಕೂಡಿಕೊಂಡಿತು. 1975ರ ಮೇ ತಿಂಗಳಲ್ಲಿ ಅಸ್ಸಾಮಿನ ಕರೀಂಗಂಜದಲ್ಲಿ ಕಂಡುದೇ ಭಾರತದ ಕೊನೆಯ ಸಿಡುಬು. ನಮ್ಮ ಹಳ್ಳಿಗಳ ಹಿರಿಯರ ತೋಳಿನ ಮೇಲಿರುವ ದುಂಡನೆಯ ಕಲೆ ಆ ಕರುಗಳ ಋಣ.

ಪ್ಲೇಗಿನ ಮಾತು ಬಂದುದರಿಂದ ಹಾಫ್ಕಿನ್ ಅವರ ಕೆಲಸವನ್ನು ಸಂಕ್ಷೇಪವಾಗಿಯಾದರೂ ಹೇಳದೆ ಮುಂದೆ ಹೋಗಲಾರೆ. ಒಡೆಸ್ಸಾದಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಕಲಿತು ಮುಂಬಯಿಗೆ ಬಂದ ಈ ಯಹೂದಿ ವಿಜ್ಞಾನಿಯು, ಪ್ಲೇಗಿನ ಸೂಕ್ಷ್ಮಾಣುಗಳನ್ನು ಮಾಂಸದ ಸಾರಿನಲ್ಲಿ ಬೆಳೆಸುವಾಗ ದನದ ಮಾಂಸವನ್ನೂ ಹಂದಿಯ ಮಾಂಸವನ್ನೂ ಬಿಟ್ಟು ಮೇಕೆಯ ಮಾಂಸವನ್ನು ಬಳಸಿದರು; ಸಾರಿನ ಮೇಲೆ ತೇಲುವಂತೆ ತುಪ್ಪದ ಹನಿಗಳನ್ನು ಬಿಟ್ಟರು. ಸೂಕ್ಷ್ಮಾಣುಗಳು ಆ ಹನಿಗಳನ್ನು ಆಶ್ರಯಿಸಿ, ಗುಹೆಯ ಚಾವಣಿಯಿಂದ ಇಳಿಬಿದ್ದ ಸುಣ್ಣದ ಕೊಂಬುಗಳ ಹಾಗೆ ಕೆಳಕ್ಕೆ ಜೋಲುತ್ತ ಬೆಳೆಯುತ್ತಿದ್ದವು. ಹಾಗೆ ಬೆಳೆದುದನ್ನು ಶಾಖದಿಂದ ಕೊಂದು, 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಹುಬ್ಬಳ್ಳಿಯಲ್ಲಿ ಪ್ಲೇಗು ಕೇರಿ ಕೇರಿಯನ್ನು ಖಾಲಿ ಮಾಡುತ್ತಿದ್ದಾಗ ಲ್ಯೂಮನ್ ಎಂಬ ವೈದ್ಯಾಧಿಕಾರಿಯು ಅಲ್ಲಿನ ಹತ್ತಾರು ಸಾವಿರ ಜನಕ್ಕೆ ಈ ಲಸಿಕೆಯನ್ನು ಹಾಕಿಸಿದನು. ಅದರ ಫಲಿತಾಂಶದ ಲೆಕ್ಕವು ವೈದ್ಯಲೋಕದಲ್ಲಿ ಬಹುಕಾಲ ಚರ್ಚೆಯಲ್ಲಿದ್ದು, ಕನ್ನಡದ ಊರೊಂದು ಜಗತ್ತಿನ ಲಸಿಕಾಶಾಸ್ತ್ರಕ್ಕೆ ಪ್ರಮಾಣವಾಗಿ ನಿಂತಿತು.

ಮನುಷ್ಯರ ಕಥೆ ಇಷ್ಟಾಯಿತು. ಆದರೆ ಎರೆಭೂಮಿಯ ನಮ್ಮ ರೈತನಿಗೆ ಎತ್ತು ಸತ್ತರೆ ಬದುಕಿನ ಅರ್ಧವೇ ಸತ್ತಂತೆ. ಅವನಿಗೆ ದೊಡ್ಡರೋಗವು ಸಿಡುಬಿಗಿಂತ ಕಡಿಮೆಯದಾಗಿರಲಿಲ್ಲ. ಕಣ್ಣು ಮೂಗುಗಳಲ್ಲಿ ನೀರಿಳಿದು, ಬಾಯಿ ಹುಣ್ಣಾಗಿ, ಭೇದಿಯಿಂದ ಬಳಲಿ, ಒಂದು ಹಟ್ಟಿಯ ದನಗಳೆಲ್ಲ ವಾರದೊಳಗೆ ಉರುಳುತ್ತಿದ್ದ ಈ ರೋಗಕ್ಕೆ ಮದ್ದು ಬೆಳೆಸಲೆಂದು 1920ರ ದಶಕದಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಂ ಸಂಸ್ಥೆಯು ಸ್ಥಾಪಿತವಾಯಿತು. ಇಂದು ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯು ಅದರ ಉತ್ತರಾಧಿಕಾರಿ. ರೋಗವನ್ನು ಗೆದ್ದು ಬದುಕಿದ ದನದ ರಕ್ತದಲ್ಲಿ ರೋಗನಿರೋಧಕ ಪ್ರೋಟೀನುಗಳು ಹುಟ್ಟಿಕೊಂಡಿರುತ್ತವೆ. ಆ ರಕ್ತದ ತಿಳಿಯನ್ನು ತೆಗೆದು ಬೇರೆ ದನಗಳಿಗೆ ಚುಚ್ಚುವುದು ಆಗಿನ ಉಪಾಯ. ಇಂದು ಔಷಧವಾಗಿ ಬಳಸುವ ಪ್ರೋಟೀನುಗಳ ತಯಾರಿಕೆಗೆ ಇದೇ ಕನ್ನಡ ನಾಡಿನ ಮೊದಲ ಪಾಠಶಾಲೆಯೆಂದರೆ ತಪ್ಪಾಗದು. ಆ ತಿಳಿಯ ರಕ್ಷಣೆಯಾದರೋ ಕೆಲವು ವಾರಗಳದು. ಬಳಿಕ ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿಯು ರೋಗದ ವೈರಸ್ಸನ್ನು ಮೇಕೆಯಿಂದ ಮೇಕೆಗೆ ಸಾಗಿಸಿ ಸಾಗಿಸಿ ಅದರ ಉಗ್ರತೆಯನ್ನು ತಗ್ಗಿಸಿದನು. 1960ರ ಸುಮಾರಿಗೆ ಕೀನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ಅದನ್ನು ಕರುವಿನ ಮೂತ್ರಪಿಂಡದ ಜೀವಕೋಶಗಳಲ್ಲಿ ಬೆಳೆಸಿ ಪಳಗಿಸಿದನು. ಆ ಲಸಿಕೆಯ ಬಲದಿಂದ 2011ರಲ್ಲಿ ದೊಡ್ಡರೋಗವು ಭೂಮಂಡಲದಿಂದಲೇ ನಿರ್ನಾಮವಾಯಿತೆಂದು ಘೋಷಿಸಲಾಯಿತು. ಸಿಡುಬಿನ ಬಳಿಕ ಮನುಷ್ಯನು ಹೀಗೆ ಅಳಿಸಿದ ರೋಗ ಇದೊಂದೇ.

ಜೀವಂತ ಪ್ರಾಣಿಯನ್ನು ಬಿಟ್ಟು ಅದರ ಜೀವಕೋಶಗಳನ್ನಷ್ಟೇ ಗಾಜಿನ ಸೀಸೆಯಲ್ಲಿ ಬದುಕಿಸಿ, ಅವುಗಳಲ್ಲಿ ವೈರಸ್ ಬೆಳೆಸುವ ಕಲೆಯು 1949ರಲ್ಲಿ ಜಾನ್ ಎಂಡರ್ಸ್ ಮತ್ತು ಅವರ ಸಂಗಡಿಗರು ಪೋಲಿಯೋ ವೈರಸ್ಸನ್ನು ಹಾಗೆ ಬೆಳೆಸಿದಂದಿನಿಂದ ಬಲವಾಗಿ ಬೇರೂರಿತು. ವೈರಸ್ಸಿಗೆ ಸ್ವಂತ ಅಡುಗೆಮನೆಯಿಲ್ಲ. ಪರರ ಜೀವಕೋಶವನ್ನು ಹೊಕ್ಕು ಅಲ್ಲಿನ ಸಾಮಗ್ರಿಯಿಂದಲೇ ಅದು ತನ್ನ ಸಂತತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಆದುದರಿಂದ ವೈರಸ್ಸಿನ ಲಸಿಕೆ ಬೇಕಾದರೆ ಮೊದಲು ಜೀವಕೋಶಗಳ ಹೊಲ ಬೇಕು. ಮಂಗಗಳ ಮೂತ್ರಪಿಂಡದಿಂದ ಆ ಹೊಲವನ್ನು ಸಿದ್ಧಗೊಳಿಸುವ ಸಲುವಾಗಿ 1950ರ ದಶಕದಲ್ಲಿ ಭಾರತದಿಂದ ಅಮೆರಿಕಕ್ಕೆ ಅಸಂಖ್ಯ ಕೋತಿಗಳನ್ನು ಸಾಗಿಸಿದರು. ಆ ಸಾಗಾಟದಲ್ಲಿ ಅವು ಪಟ್ಟ ಪಾಡು ಕೇಳಿದವರ ಮನಸ್ಸು ಕಲಕುವಂತಹುದು. 1978ರಲ್ಲಿ ಭಾರತ ಸರಕಾರವು ಅದನ್ನು ಸಂಪೂರ್ಣವಾಗಿ ನಿಲ್ಲಿಸಿದುದು ಧರ್ಮದ ಕೆಲಸವೆಂದೇ ನನ್ನ ಅಭಿಪ್ರಾಯ. 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದವರು ಆಫ್ರಿಕದ ಒಂದೇ ಒಂದು ಮಂಗನಿಂದ ತೆಗೆದ ವೀರೋ ಎಂಬ ಕೋಶಸಂತತಿಯು ತನ್ನಷ್ಟಕ್ಕೆ ಕೊನೆಯಿಲ್ಲದೆ ವೃದ್ಧಿಯಾಗುವ ಗುಣವನ್ನು ಪಡೆದುದರಿಂದ, ಮುಂದೆ ಲಕ್ಷೋಪಲಕ್ಷ ಪ್ರಾಣಿಗಳ ಜೀವ ಉಳಿಯಿತು. 2021ರಲ್ಲಿ ನಮ್ಮ ಊರುಗಳ ಶಾಲೆಗಳಲ್ಲಿ ಸಾಲು ನಿಂತು ಚುಚ್ಚಿಸಿಕೊಂಡ ಕೋವ್ಯಾಕ್ಸಿನ್ ಬೆಳೆದುದು ಆ ವೀರೋ ಕೋಶಗಳಲ್ಲಿಯೇ.

ಜೀವಕೋಶದ ಈ ಕೃಷಿಯಲ್ಲಿ ಕನ್ನಡ ನಾಡಿನ ಸ್ವಂತ ಅಧ್ಯಾಯವೊಂದಿದೆ. ಅದು ಕ್ಯಾಸನೂರು ಕಾಡಿನದು. 1957ರ ಮಾರ್ಚ್ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರಿನ ಸುತ್ತಲಿನ ಕಾಡುಗಳಲ್ಲಿ ಮುಸಿಯಗಳೂ ಮಂಗಗಳೂ ಗುಂಪುಗುಂಪಾಗಿ ಸತ್ತು ಬೀಳತೊಡಗಿದವು. ಅದರ ಬೆನ್ನಿಗೇ ಸೌದೆಗೆ, ಸೊಪ್ಪಿಗೆ, ದನ ಕಾಯಲು ಕಾಡಿಗೆ ಹೋದವರು ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಾಡಿನಲ್ಲಿ ಬಿಡಾರ ಹೂಡಿ, ಉಣುಗುಗಳಿಂದ ಹರಡುವ ಹೊಸ ವೈರಸ್ ಇದೆಂದು ಕಂಡುಕೊಂಡರು. ಜನ ಅದನ್ನು ಮಂಗನ ಕಾಯಿಲೆ ಎಂದು ಕರೆದರು. ಜಗತ್ತಿನಲ್ಲಿ ಮತ್ತೆಲ್ಲಿಯೂ ಕಾಣದಿದ್ದ ರೋಗವಾದುದರಿಂದ ಮದ್ದನ್ನು ಬೇರೆ ಯಾರೂ ಬೆಳೆಸಿಕೊಡುವಂತಿರಲಿಲ್ಲ. ರಷ್ಯಾದ ಕಾಡುಗಳ ಇದೇ ಕುಲದ ರೋಗವೊಂದಕ್ಕೆಂದು ಇಲಿಯ ಮಿದುಳಿನಲ್ಲಿ ಬೆಳೆಸಿದ್ದ ಲಸಿಕೆಯನ್ನು ಮೊದಲು ತರಿಸಿ ಹಾಕಿ ನೋಡಿದರು, ಅದರಿಂದ ಪ್ರಯೋಜನವಾಗಲಿಲ್ಲ. ಆಗ ಪುಣೆಯವರು, ಕಾವಿಗಿಟ್ಟ ಕೋಳಿಮೊಟ್ಟೆಯ ಭ್ರೂಣವನ್ನು ಸೂಕ್ಷ್ಮವಾಗಿ ಕತ್ತರಿಸಿ, ಅದರ ಕೋಶಗಳನ್ನು ಬಿಡಿಸಿ ಗಾಜಿನ ಮೇಲೆ ಹರಡಿ, ಅವುಗಳಲ್ಲಿ ಕ್ಯಾಸನೂರಿನ ವೈರಸ್ಸನ್ನೇ ಬೆಳೆಸಿ, ಫಾರ್ಮಲಿನ್ನಿನಿಂದ ಕೊಂದು 1960ರ ದಶಕದಲ್ಲಿ ಲಸಿಕೆಯನ್ನು ಮಾಡಿದರು. ಮುಂದೆ ಶಿವಮೊಗ್ಗದಲ್ಲಿಯೂ ಆಮೇಲೆ ಹೆಬ್ಬಾಳದ ಸಂಸ್ಥೆಯಲ್ಲಿಯೂ ಅದರ ತಯಾರಿಕೆ ನಡೆಯಿತು. ಮಲೆನಾಡಿನ ಬಡ ಕೂಲಿಕಾರರನ್ನು ಕಾಯಲು ಕರ್ನಾಟಕ ಸರಕಾರವು ತನ್ನದೇ ಒಂದು ಮನೆಯಲ್ಲಿ ದಶಕಗಳ ಕಾಲ ಬೆಳೆಸಿದ ಈ ಲಸಿಕೆಯಷ್ಟು ಹೆಮ್ಮೆಪಡತಕ್ಕ ವಸ್ತು ನಮ್ಮ ವೈದ್ಯಚರಿತ್ರೆಯಲ್ಲಿ ಬೇರೆಯಿಲ್ಲ.

ಆದರೆ ಅದು ನಮ್ಮ ಕೈತಪ್ಪಿತು. 2005ರಿಂದ 2010ರ ವರೆಗಿನ ಅನುಭವವನ್ನು ಪರಿಶೀಲಿಸಿದವರು, ಎರಡು ಸಲ ಚುಚ್ಚಿಸಿಕೊಂಡವರಿಗೆ ಶೇಕಡಾ 62ರಷ್ಟೂ, ಮತ್ತೊಂದು ಪೂರಕ ಚುಚ್ಚುಮದ್ದು ತೆಗೆದುಕೊಂಡವರಿಗೆ ಶೇಕಡಾ 83ರಷ್ಟೂ ರಕ್ಷಣೆ ದೊರೆಯಿತೆಂದು ಲೆಕ್ಕ ಹಾಕಿದರು. ವರ್ಷ ವರ್ಷವೂ ಮತ್ತೆ ಚುಚ್ಚಿಸಿಕೊಳ್ಳಬೇಕಾದ, ಚುಚ್ಚಿದೆಡೆ ಬಹಳವಾಗಿ ನೋಯುವ ಲಸಿಕೆಯಾದುದರಿಂದ ಜನ ಹಿಂಜರಿದರು. ಬರಬರುತ್ತ ಅದರ ಶಕ್ತಿಯೇ ಕುಂದಿ, ಕೊನೆಗೆ ತಯಾರಿಕೆ ನಿಂತುಹೋಯಿತು. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯೂ ಹೊಸ ಲಸಿಕೆಯ ಕೆಲಸವನ್ನು ಕೈಗೆತ್ತಿಕೊಂಡಿರುವುದು ಸಂತೋಷದ ಸಂಗತಿ. ಆದರೂ ಬೆಳೆಸುವ ಮದ್ದಿನ ಪರಂಪರೆಯನ್ನು ಕಾಲಕಾಲಕ್ಕೆ ಹೊಸ ಬೀಜ ಹಾಕಿ, ಹೊಸ ಕೈಗಳಿಗೆ ಕಲಿಸಿ, ಹೊಸ ಸಲಕರಣೆ ಕೊಟ್ಟು ಪೋಷಿಸದಿದ್ದರೆ ಅದು ಸಾಯುವುದೆಂಬ ಪಾಠವನ್ನು ಮಲೆನಾಡಿನ ಜನ ತಮ್ಮ ಮೈಯ ಮೇಲೆ ಕಲಿಯಬೇಕಾದುದು ನ್ಯಾಯವಲ್ಲ.

ಇನ್ನು ಇನ್ಸುಲಿನ್ನಿನ ಕಥೆ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಬೇರ್ಪಡಿಸಿದರು. ಅಲ್ಲಿಂದ ಮುಂದೆ ಅರವತ್ತು ವರ್ಷ ಸಕ್ಕರೆ ಕಾಯಿಲೆಯವರ ಪ್ರಾಣವು ಕಸಾಯಿಖಾನೆಯ ದನ ಹಂದಿಗಳ ಗ್ರಂಥಿಗಳನ್ನೇ ಅವಲಂಬಿಸಿದ್ದಿತು; ಎಂಟು ಔನ್ಸ್ ಶುದ್ಧ ಇನ್ಸುಲಿನ್ನಿಗೆ ಸುಮಾರು ಎರಡು ಟನ್ ಹಂದಿಯ ಗ್ರಂಥಿಗಳು ಬೇಕಾಗುತ್ತಿದ್ದವು. 1978ರಲ್ಲಿ ಅಮೆರಿಕದ ವಿಜ್ಞಾನಿಗಳು ಮನುಷ್ಯನ ಇನ್ಸುಲಿನ್ನಿನ ಜೀನನ್ನು ಬ್ಯಾಕ್ಟೀರಿಯಾದೊಳಗೆ ನೆಟ್ಟು, ಅದರಿಂದಲೇ ಇನ್ಸುಲಿನ್ ಮಾಡಿಸಿದರು. 1982ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಅದೇ 1978ರ ನವೆಂಬರಿನಲ್ಲಿ ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಕಿರಣ್ ಮಜುಂದಾರ್ ಅವರು ಬಯೋಕಾನ್ ಸಂಸ್ಥೆಯನ್ನು ಆರಂಭಿಸಿ, ಪರಂಗಿಕಾಯಿಯ ಹಾಲಿನಿಂದ ಪಪೈನ್ ಎಂಬ ಕಿಣ್ವವನ್ನು ತೆಗೆಯುತ್ತಿದ್ದರು. ಕಿಣ್ವಗಳಿಗಾಗಿ ಸೂಕ್ಷ್ಮಜೀವಿಗಳನ್ನು ಸಾಕಿ ಕಲಿತ ಆ ಕೈಗಳೇ 2004ರಲ್ಲಿ ಪಿಕಿಯಾ ಎಂಬ ಯೀಸ್ಟಿನಲ್ಲಿ ಮನುಷ್ಯನ ಇನ್ಸುಲಿನ್ನನ್ನು ಬೆಳೆಸಿದವು. ಅದಕ್ಕೂ ಮೊದಲು, 1997ರಲ್ಲಿ, ಹೈದರಾಬಾದಿನಲ್ಲಿ ವರಪ್ರಸಾದ ರೆಡ್ಡಿ ಅವರು ತಮ್ಮ ತಾಯಿಯ ಹೆಸರಿನಲ್ಲಿ ಕಟ್ಟಿದ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆಯು ಅಂತಹುದೇ ಯೀಸ್ಟಿನಲ್ಲಿ ಹೆಪಟೈಟಿಸ್ ಬಿ ಲಸಿಕೆಯನ್ನು ಬೆಳೆಸಿ, ವಿದೇಶದ ಲಸಿಕೆಗಿದ್ದ ಬೆಲೆಯ ಅಲ್ಪಾಂಶಕ್ಕೆ ಮಾರಿತು. ಬಡವರಿಗೆ ಎಟುಕದಿದ್ದ ಆ ಲಸಿಕೆ ಕಾಲಕ್ರಮದಲ್ಲಿ ಹಳ್ಳಿಯ ಆರೋಗ್ಯಕೇಂದ್ರದಲ್ಲಿ ಬಿಟ್ಟಿಯಾಗಿ ದೊರೆಯುವಂತಾಯಿತು.

ಇಂತಹ ಕಾರ್ಖಾನೆಯ ಒಳಗನ್ನು ಬಲ್ಲವರಿಗೆ ಹಳೆಯ ಕರುಕೊಟ್ಟಿಗೆಯ ಕ್ರಮವೇ ಅಲ್ಲಿ ಕಾಣುತ್ತದೆ. ಆರಿಸಿ ಪರೀಕ್ಷಿಸಿದ ಒಂದೇ ತಳಿಯ ಕೋಶಗಳನ್ನು ನೂರಾರು ಪುಟ್ಟ ಸೀಸೆಗಳಲ್ಲಿ ತುಂಬಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದ ಶೈತ್ಯದಲ್ಲಿ ನಿದ್ರೆಗೆ ಹಾಕಿಟ್ಟಿರುತ್ತಾರೆ. ಅದು ಬೀಜದ ಭಂಡಾರ. ಒಂದು ಸೀಸೆಯನ್ನು ಎಚ್ಚರಿಸಿ, ಚಿಕ್ಕ ಪಾತ್ರೆಯಿಂದ ದೊಡ್ಡದಕ್ಕೆ, ಅದರಿಂದ ಸಾವಿರಾರು ಲೀಟರಿನ ಉಕ್ಕಿನ ಕಡಾಯಿಗೆ ವರ್ಗಾಯಿಸುತ್ತ, ಗಾಳಿ, ಆಹಾರ, ಶಾಖ, ಹುಳಿಗಳನ್ನು ಹಗಲಿರುಳು ಅಳೆಯುತ್ತ ಬೆಳೆಸುತ್ತಾರೆ. ಪಿಕಿಯಾಕ್ಕೆ ಮೊದಲು ಗ್ಲಿಸರಾಲ್ ಉಣಿಸಿ ಸಂಖ್ಯೆ ಹೆಚ್ಚಿಸಿ, ಬಳಿಕ ಮೆಥನಾಲ್ ಉಣಿಸಿದಾಗ ಅದರೊಳಗೆ ನೆಟ್ಟ ಜೀನು ಎಚ್ಚೆತ್ತು ಬೇಕಾದ ಪ್ರೋಟೀನನ್ನು ನೆಯ್ಯಲಾರಂಭಿಸುತ್ತದೆ. ಇನ್ಸುಲಿನ್ ಸಣ್ಣ ಪ್ರೋಟೀನಾದುದರಿಂದ ಯೀಸ್ಟಿಗೆ ಅದು ಸಾಧ್ಯ. ಕ್ಯಾನ್ಸರಿಗೆ ಕೊಡುವ ಪ್ರತಿಕಾಯಗಳಂತಹ ದೊಡ್ಡ ಪ್ರೋಟೀನುಗಳಿಗೆ ಸಕ್ಕರೆಯ ಅಣುಗಳನ್ನು ತಕ್ಕ ಕಡೆ ಪೋಣಿಸಬೇಕಾಗುತ್ತದೆ. ಆ ಕುಸುರಿ ಕೆಲಸ ಸಸ್ತನಿಗಳ ಕೋಶಗಳಿಗೆ ಮಾತ್ರ ಸರಿಯಾಗಿ ತಿಳಿದುದು. 1957ರಲ್ಲಿ ಚೀನಾದ ಹ್ಯಾಮ್‌ಸ್ಟರ್ ಒಂದರ ಅಂಡಾಶಯದಿಂದ ತೆಗೆದ ಕೋಶಗಳ ಸಂತತಿಯೇ ಇಂದು ಲೋಕದಾದ್ಯಂತ ಹೆಚ್ಚಾಗಿ ಅದನ್ನು ಮಾಡುತ್ತಿದೆ. ಹೊರಗಿನ ಒಂದು ಬ್ಯಾಕ್ಟೀರಿಯಾ ಒಳಹೊಕ್ಕರೂ ಇಡೀ ಕಡಾಯಿಯನ್ನು ಚೆಲ್ಲಬೇಕು. ಬೆಳೆದ ಮೇಲೆ ಶೋಧಿಸುವುದು, ತೊಳೆಯುವುದು, ಪರೀಕ್ಷಿಸುವುದು ಬೆಳೆಸುವುದಕ್ಕಿಂತ ದೀರ್ಘವಾದ ಕೆಲಸ.

ಓದುಗರಲ್ಲಿ ನನ್ನದೊಂದು ವಿಜ್ಞಾಪನೆ. ಹೆಬ್ಬಾಳದ, ಬೆಳಗಾವಿಯ, ಶಿವಮೊಗ್ಗದ ಈ ಸಂಸ್ಥೆಗಳ ಹಳೆಯ ದಫ್ತರುಗಳು, ಬೀಜದ ವಹಿಗಳು, ಛಾಯಾಚಿತ್ರಗಳು ಎಲ್ಲೆಲ್ಲಿ ಉಳಿದಿವೆಯೋ ಅವನ್ನು ಒಂದೆಡೆ ಕೂಡಿಸಿ ಕಾಪಾಡಬೇಕಾದುದು ವಿಶ್ವವಿದ್ಯಾಲಯಗಳ ಹೊಣೆ. ಅದಕ್ಕಿಂತಲೂ ತುರ್ತಾದ ಕೆಲಸ ನಮ್ಮ ಕಡೆಯದೇ ಇದೆ. ರಾಯಚೂರು, ಮಾನ್ವಿ, ದೇವದುರ್ಗಗಳ ಹಳ್ಳಿಗಳಲ್ಲಿ 1960ರ ದಶಕದಲ್ಲಿ ಮನೆಮನೆಗೆ ನಡೆದು ದೇವಿ ಹಾಕಿದವರು, ದನಗಳಿಗೆ ದೊಡ್ಡರೋಗದ ಲಸಿಕೆ ಹಾಕಿದ ಕಾಂಪೌಂಡರರು ಈಗ ಬದುಕಿದ್ದರೆ ಎಂಬತ್ತರ ಆಚೆಗಿನವರು. ಅವರು ನಿಮ್ಮ ಊರಿನಲ್ಲಿ ಇದ್ದರೆ, ಈ ವರ್ಷವೇ ಹೋಗಿ ಅವರನ್ನು ಕೂರಿಸಿ ಮಾತನಾಡಿಸಿ, ಅವರು ಹೇಳಿದುದನ್ನು ಹೇಳಿದ ಹಾಗೆಯೇ ಬರೆದಿಡಿ.